ಕದಲದ ಷಡ್ಜ

ಕರೆಗಂಟೆ ಇದ್ದರೂ ಯಾರೋ ಬಾಗಿಲನ್ನು ತಟ್ಟಿದರು. ಡೆಟ್ರಾಯಿಟ್ ಪಕ್ಕದ ಕ್ಯಾಂಟನ್ನಿನ ಆ ಬಡಾವಣೆಯಲ್ಲಿ ಕತ್ತಲಾದ ಮೇಲೆ ಹೇಳದೆ ಕೇಳದೆ ಬರುವವರಿಲ್ಲ. ಸ್ಯಾಮ್ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ, ಎದ್ದೇಳಲಿಲ್ಲ.

“ರೀ, ಕೇಳಿಸ್ತಿಲ್ವಾ? ಹಾಡು ಹಿಟ್ ಆದ್ಮೇಲೆ ಬಾಗಿಲು ತೆಗೆಯೋಕೂ ಅಸಿಸ್ಟೆಂಟ್ ಬೇಕಾ?” ಹೆಂಡತಿ ಲತಾಶ್ರೀ ಅಡುಗೆಮನೆಯಿಂದ ಕೇಳಿದಳು.

“ಗಾಳಿ ಇರಬೇಕು, ತಡಿ.”

ಗಾಳಿಯಲ್ಲವೆಂದು ಅವನಿಗೆ ಗೊತ್ತಿತ್ತು. ಹಾಡು ಬಿಡುಗಡೆಯಾದಂದಿನಿಂದ ಪ್ರತಿ ಸದ್ದೂ ಅವನನ್ನು ಕೂತಲ್ಲೇ ಅಲುಗಿಸುತ್ತಿತ್ತು. ಆಗೆಲ್ಲ ತಾನು ಮಾಡಿದ್ದನ್ನು ಮೊದಲಿನಿಂದ ನೆನೆದು, ಎಲ್ಲೂ ಬಿರುಕಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಿದ್ದ. ಈಗಲೂ ಅದನ್ನೇ ಮಾಡಿದ.

ತಪ್ಪು ಮುದುಕನದು. ನಾರ್ಮನ್ ಹಾಲ್ಡನ್ ಲಂಡನ್ನಿನಲ್ಲಿ ಹರೆಯದಲ್ಲೇ ಪಾಪ್ ಹಾಡುಗಳನ್ನು ಕಟ್ಟಿ ಹೆಸರು ಮಾಡಿದವನು. ಆಮೇಲೆ ಬೇರೆಯವರ ಹಾಡುಗಳಿಗೆ ವಾದ್ಯಸಂಯೋಜನೆ, ಕೊನೆಗೆ ರೆಕಾರ್ಡುಗಳ ನಿರ್ಮಾಣ. ಡೆಟ್ರಾಯಿಟ್ ವಾದಕರ ಬೆನ್ನು ಹತ್ತಿ ಅಮೆರಿಕಕ್ಕೆ ಬಂದವನು ಮೈಸೂರಿನ ಡಾಕ್ಟರ್ ಮಂಜರಿಯನ್ನು ಮದುವೆಯಾಗಿ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನೆಲೆನಿಂತ. ಕಾರು ಕಂಪನಿಯ ಇಂಜಿನಿಯರ್ ಸ್ಯಾಮ್ ತನ್ನ ರಜೆಗಳನ್ನೆಲ್ಲ ಅವನ ನೆಲಮಾಳಿಗೆಯ ಸ್ಟುಡಿಯೊಗೆ ಒಪ್ಪಿಸಿದ್ದ. ಕೊನೆಯ ಆಲ್ಬಮ್ಮಿನ ಪಿಟೀಲಿನ ಭಾಗಗಳನ್ನೆಲ್ಲ ಹೆಣೆದವನು ಸ್ಯಾಮ್. ಹೊದಿಕೆಯ ಮೇಲೆ ಅಚ್ಚಾದದ್ದು ಹಾಲ್ಡನ್ ಹೆಸರು ಮಾತ್ರ. ಕೇಳಿದ್ದಕ್ಕೆ ಮುದುಕ ನಕ್ಕು, “ಹೊದಿಕೆಯನ್ನು ಜನ ಎಸೆದುಬಿಡುತ್ತಾರೆ. ಮುಂದಿನ ಸಲ ನಿನ್ನ ಹೆಸರು ಹಾಡಿನೊಳಗೇ ಇರುತ್ತದೆ,” ಎಂದಿದ್ದ.

ಬಾಯಿಮಾತಿಗೇನು ಕಡಿಮೆ! ತನಗೆ ಸರಿಗಮ ಕಲಿಸೆಂದು ಒಮ್ಮೆ ಅವನು ಹಠ ಹಿಡಿದಾಗ, ಸ್ಯಾಮ್ ಪಿಯಾನೊದ ಸಿ ಮನೆಯನ್ನು ಒತ್ತಿ, “ಇದು ಸ ಎಂದುಕೊಳ್ಳಿ,” ಎಂದು ಶುರುಮಾಡಿದ್ದ. ಸ್ಯಾಮ್ ಎಂಬುದು ಆಫೀಸಿನ ಹೆಸರು, ತಾಯಿ ಇಟ್ಟ ಹೆಸರೇನೆಂದು ಕೇಳಿ ತಿಳಿದು, ಅದನ್ನು ಬಾಯಲ್ಲಿ ತಿರುವಿ ತಿರುವಿ ಮುದುಕ ಖುಷಿಪಟ್ಟಿದ್ದ. ಆ ಹೆಸರನ್ನು ಹಾಡಿನ ಜೊತೆ ಜನ ಹೇಳಬೇಕೆಂಬ ಒಂದೇ ಹಸಿವು ಸ್ಯಾಮ್‌ನದು. ಮುಂದಿನ ಸಲ ಬರುವ ಮೊದಲೇ ಹಾಲ್ಡನ್ ತೀರಿಕೊಂಡ.

ಮಂಜರಿ ಆಂಟಿ ಹಳೆಯ ಕ್ಯಾಸೆಟ್ಟುಗಳ ಪೆಟ್ಟಿಗೆಯನ್ನು ತಾವಾಗಿಯೇ ಅವನ ಕೈಗಿತ್ತು, ಕಂಪ್ಯೂಟರಿಗೆ ಇಳಿಸಿಕೊಡೆಂದರು. ಅದರಲ್ಲಿ ಆ ಹಾಡು ಸಿಕ್ಕಿತು: ಬರೀ ಪಿಯಾನೊ, ಸಾಹಿತ್ಯವಿಲ್ಲ, ಹೆಸರಿಲ್ಲ, ಹೊರಗಿನ ಕಿವಿಗೆ ಬಿದ್ದದ್ದೇ ಅಲ್ಲ.

ಸ್ಯಾಮ್ ಅದನ್ನು ಕಂಪ್ಯೂಟರಿಗೆ ಇಳಿಸಲಿಲ್ಲ. ಯಂತ್ರದಲ್ಲಿ ಗುರುತು ಉಳಿಯುತ್ತದೆ. ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡ. ಹುಬ್ಬಳ್ಳಿಯಲ್ಲಿ ಹಾರ್ಮೋನಿಯಂ ಮುಂದೆ ಕೂತು ಪಳಗಿದ ಕಿವಿಗೆ ಅದು ಕಷ್ಟವಲ್ಲ. ಆಮೇಲೆ ಮೌನವನ್ನೇ ರೆಕಾರ್ಡ್ ಮಾಡಿ ಕ್ಯಾಸೆಟ್ಟನ್ನು ಅಳಿಸಿ, ತೇವಕ್ಕೆ ಹಾಳಾದವುಗಳ ನಡುವೆ ಸೇರಿಸಿ, “ಇವು ಹೋಗ್ಯಾವ ಆಂಟಿ,” ಎಂದು ಮರಳಿಸಿದ. ತಾಳದ ನಾಲ್ಕರ ನಡೆಯನ್ನು ಮೂರಕ್ಕೆ ತಿರುಗಿಸಿದ. ಪಿಯಾನೊ ಜಾಗಕ್ಕೆ ಕೊಳಲು ಬಂತು. ಜೋಗುಳದ ಹಾಗಿದ್ದದ್ದು ಕನ್ನಡದ ಪ್ರೇಮಗೀತೆಯಾಯಿತು. ಶ್ರುತಿಯೊಂದನ್ನು ಮಾತ್ರ ಹಾಗೆಯೇ ಬಿಟ್ಟ. ಎಫ್ ಶ್ರುತಿ ಷಿಕಾಗೊದ ಗಾಯಕಿ ವಿನಿತಾಳ ಕಂಠಕ್ಕೆ ಹೇಳಿಮಾಡಿಸಿದಂತಿತ್ತು. ಸತ್ತವನೇ ಎದ್ದು ಬಂದರೂ ಈ ಹಾಡನ್ನು ಗುರುತಿಸಲಾರ.

ಬಾಗಿಲಲ್ಲಿ ಮತ್ತೆ ಸದ್ದಾಯಿತು. ಸ್ಯಾಮ್ ಹೋಗಿ ತೆರೆದ. ಹೆಗಲ ಮೇಲಿನ ಹಿಮ ಕೊಡವಿಕೊಳ್ಳುತ್ತ ಮಂಜರಿ ಆಂಟಿ ನಿಂತಿದ್ದರು.

“ಮ್ಯೂಸಿಕ್ ಡೈರೆಕ್ಟರ್ ಮನೇಲಿ ಬೆಲ್ಲೇ ಸೌಂಡ್ ಮಾಡಲ್ವಲ್ಲಪ್ಪ.” ಒಳಗೆ ಬಂದರು, ಕೂರಲಿಲ್ಲ. “ಷಿಕಾಗೊದಲ್ಲಿ ಡೆವನ್ ಅವೆನ್ಯೂಗೆ ಹೋಗಿದ್ದೆ. ಸೀರೆ ಅಂಗಡೀಲಿ ನಿನ್ನ ಹಾಡು ಹಾಕಿದ್ರು. ಸೀರೆ ಅಲ್ಲೇ ಬಿಟ್ಟು ಸೀದಾ ಡ್ರೈವ್ ಮಾಡ್ಕೊಂಡು ಬಂದೆ.”

“ಹೆಂಗಿತ್ತು ಆಂಟಿ?”

“ಚೆನ್ನಾಗಿದೆ. ನೀನೇ ಕಟ್ಟಿದ್ದಾ?”

“ಪೂರಾ ನಂದ, ಆಂಟಿ.”

“ನಾರ್ಮನ್ ಹತ್ರ ಕೇಳಿದ್ದೇನೂ ಅಲ್ಲ?”

“ಏನಿಲ್ಲ.”

“ನನಗೆ ಸಂಗೀತ ಗೊತ್ತಿಲ್ಲ. ಆ ಮೊದಲನೇ ಮೂರು ಸ್ವರ ಯಾವುದು, ಹೇಳು?”

ಇಷ್ಟೇ ತಾನೆ ಎಂದು ಅವನ ಎದೆ ಹಗುರಾಯಿತು. ಹಾಡಿಯೇ ತೋರಿಸಿದ. “ಪ, ನಿ, ಸ.”

“ಅವೇ ಯಾಕೆ?”

“ಯಾಕ ಅಂದ್ರ? ಕಿವಿಗೆ ಛಲೋ ಅನಿಸ್ತು, ಅಷ್ಟ.”

ಆಂಟಿ ಮೂಲೆಯಲ್ಲಿದ್ದ ಕೀಬೋರ್ಡಿನ ಬಳಿ ಹೋಗಿ, ಒಂದೇ ಬೆರಳಿನಿಂದ ತಡವರಿಸುತ್ತ ಮೂರು ಬಿಳಿ ಮನೆಗಳನ್ನು ಒತ್ತಿದರು: ಸಿ, ಇ, ಎಫ್.

“ಡ್ಯಾಡ್, ದಟ್ಸ್ ಯುವರ್ ಸಾಂಗ್,” ಎಂದಳು ಸೋಫಾದಲ್ಲಿದ್ದ ಮಗಳು ದಿಯಾ, ಫೋನಿನಿಂದ ತಲೆಯೆತ್ತದೆ.

“ನಾರ್ಮನ್ ತಮಗೆ ಬೇಕಾದವರ ಹೆಸರನ್ನ ಹಾಡಿನ ಶುರುವಲ್ಲಿ ಸ್ವರ ಮಾಡಿ ಬಚ್ಚಿಡ್ತಿದ್ರು,” ಎಂದರು ಆಂಟಿ. “ಕೊನೇ ಹಾಡಿಂದು ಈ ಮೂರು ಮನೆ ಮಾತ್ರ ನನಗೆ ಒತ್ತಿ ಓದಿ ತೋರಿಸಿದ್ರು. ನಿನಗೆ ಗಿಫ್ಟು, ಹೇಳ್ಬೇಡ ಅಂದಿದ್ರು. ಕ್ಯಾಸೆಟ್ ಹಾಳಾಯ್ತು ಅಂದಾಗ ನಾನು ಅತ್ತಿದ್ದು ಅದಕ್ಕೇ. ನಿಜವಾಗ್ಲೂ ನೀನೇ ಕಟ್ಟಿದ್ರೆ, ಅದರಲ್ಲಿ ಏನಿದೆ ಅಂತ ನಿನಗೆ ಗೊತ್ತಿರ್ತಿತ್ತಲ್ಲಪ್ಪ.”

ಸ್ಯಾಮ್ ಕೀಬೋರ್ಡನ್ನೇ ನೋಡಿದ. ಎಫ್ ಶ್ರುತಿಯ ಹಾಡಿನಲ್ಲಿ ಎಫ್ ಮನೆಯನ್ನೇ ಸ, ಅಂದರೆ ಷಡ್ಜ, ಎಂದು ಕೇಳುವ ಕಿವಿ ಅವನದು. ಶ್ರುತಿ ಬದಲಾದರೆ ಅವನ ಷಡ್ಜವೂ ಜಾಗ ಬದಲಿಸುತ್ತದೆ. ಮುದುಕನ ಷಡ್ಜ ಮಾತ್ರ, ಎಂದೋ ತಾನು ಉದಾಸೀನವಾಗಿ ಒತ್ತಿ ತೋರಿಸಿದ ಸಿ ಮನೆಯನ್ನು ಬಿಟ್ಟು ಕದಲಿರಲೇ ಇಲ್ಲ. ಅಲ್ಲಿಂದ ಲೆಕ್ಕ ಹಿಡಿದರೆ ಅವೇ ಮೂರು ಮನೆಗಳ ಹೆಸರು ಬೇರೆ. ಆಂಟಿ ಒಂದೊಂದನ್ನೇ ಮತ್ತೆ ಒತ್ತುತ್ತ ಓದಿದರು.

“ಸ, ಗ, ಮ. ಸಂಗಮೇಶ.”