ಉಪಚಾರದ ಏಕವಚನ

ತಾರಸಿ ತೋಟದ ಬಗ್ಗೆ ಬರೆಯುವ ಒಂದು ಬ್ಲಾಗಿನಲ್ಲಿ ಆ ಬೆಳಗ್ಗೆ ಹೊಸ ಬರಹ ಬಂದಿತ್ತು. ಮೈಸೂರಿನವರು ತೆರೆದರೆ ಅದರಲ್ಲಿ ‘ಕಡಲೆಕಾಯಿ’ ಎಂದಿತ್ತು. ಅದೇ ಪುಟ ಧಾರವಾಡದಲ್ಲಿ ‘ಶೇಂಗಾ’ ಎಂದಿತು, ಮಂಗಳೂರಿನಲ್ಲಿ ‘ನೆಲಗಡಲೆ’ ಎಂದಿತು. ಕಣ್ಣು ಮಂಜಾದವರಿಗೆ ಅಕ್ಷರ ದೊಡ್ಡದಾಯಿತು. ಬಿಸಿಲಲ್ಲಿ ನಿಂತು ಓದುವವರಿಗೆ ಪುಟದ ಬಣ್ಣ ಗಾಢವಾಯಿತು. ಬರೆದವರು ಬರೆದದ್ದು ಒಂದೇ ಸಲ, ಓದುವವರ ಮುಂದೆ ಮಾತ್ರ ಅದು ಅವರವರ ಮನೆಮಾತಾಗಿ ಬಂದು ಕೂರುತ್ತಿತ್ತು.

ಇಷ್ಟೆಲ್ಲ ಮಾಡುತ್ತಿದ್ದುದು ‘ಉಪಚಾರ’ ಎಂಬ ಪ್ಲಗಿನ್. ಥೀಮ್ ಎಂದರೆ ಬ್ಲಾಗಿನ ಉಡುಗೆ, ಪ್ಲಗಿನ್ ಎಂದರೆ ಆ ಉಡುಗೆಗೆ ಹೊಲಿದುಕೊಳ್ಳುವ ಜೇಬು ಎಂದು ಅದನ್ನು ಕಂಡುಹಿಡಿದ ಡಾ. ಪ್ರಣೀತಾ ಹೇಳುವುದಿತ್ತು. ಇಂದಿನಿಂದ ನಲವತ್ತು ವರ್ಷ ಮುಂದಿನ ಮಾತು ಇದು. ಆ ಹೊತ್ತಿಗೆ ಕನ್ನಡದ ಬ್ಲಾಗುಗಳಲ್ಲಿ ಉಪಚಾರವಿಲ್ಲದ್ದು ಹುಡುಕಿದರೂ ಸಿಗುತ್ತಿರಲಿಲ್ಲ. ಬಂದ ಓದುಗರು ಯಾರು, ಎಲ್ಲಿಯವರು, ಎಂಥ ಕನ್ನಡ ಬರೆಯುವವರು ಎಂಬುದನ್ನು ಅದು ಕಣ್ಣು ಮಿಟುಕಿಸುವುದರೊಳಗೆ ಅಂದಾಜು ಮಾಡಿ, ಬಾಗಿಲಲ್ಲಿ ನಿಂತ ಮನೆಯವರ ಹಾಗೆ ಮಾತಾಡಿಸುತ್ತಿತ್ತು.

ಪ್ರಣೀತಾ ಅವರ ಜೊತೆಗಾರ ಮಾದೇಶ. ಇಬ್ಬರಿಗೂ ಐವತ್ತು, ಇಬ್ಬರೂ ಒಂದೇ ಕಾಲೇಜಿನಲ್ಲಿ ಓದಿದವರು. ಮಾದೇಶ ನಂಜನಗೂಡಿನ ಹತ್ತಿರದ ಒಂದು ಹಳ್ಳಿಯ, ಊರಾಚೆಯ ಕೇರಿಯಿಂದ ಬಂದವನು. ಉಪಚಾರದ ಯೋಚನೆ ಪ್ರಣೀತಾ ಅವರದಾದರೆ ಅದನ್ನು ಇಪ್ಪತ್ತು ವರ್ಷ ನಡೆಸಿಕೊಂಡು ಬಂದವನು ಅವನು. ಬ್ಲಾಗಿನ ತಂತ್ರಾಂಶ ಬದಲಾದಾಗಲೆಲ್ಲ ಥೀಮುಗಳು ಮುರಿದು ಬೀಳುತ್ತವೆ, ಮೆನು ಕಳಚಿಕೊಳ್ಳುತ್ತದೆ, ಒತ್ತಕ್ಷರ ಅಡ್ಡಾದಿಡ್ಡಿಯಾಗುತ್ತದೆ. ಅದನ್ನೆಲ್ಲ ಸರಿಮಾಡುವ ತಾಳ್ಮೆ ಅವನಿಗಿತ್ತು. ಪ್ಲಗಿನ್ನಿನ ತಯಾರಕರ ಜಾಗದಲ್ಲಿ ಇಬ್ಬರ ಹೆಸರೂ ಇದ್ದವು.

“ಮಾದೇಶ, ಹಾಸನದ ಸಭೇಲಿ ಈ ಸಲ ನೀನೇ ಮಾತಾಡು. ನನಗೆ ಗಂಟಲು ಕಟ್ಟಿದೆ,” ಎಂದರು ಪ್ರಣೀತಾ.

“ನಾನಾ ಮೇಡಂ? ನೀವ್ ಮಾತಾಡಿದಂಗೆ ಆಯ್ತದಾ?”

“ಸುಮ್ನೆ ಹೋಗೋ. ನಾನು ಮುಂದಿನ ಸಾಲಲ್ಲೇ ಕೂತಿರ್ತೀನಿ.”

ಹಾಸನದಲ್ಲಿ ಥೀಮು, ಪ್ಲಗಿನ್ ಮಾಡುವವರು ವರ್ಷಕ್ಕೊಮ್ಮೆ ಸೇರುತ್ತಿದ್ದರು. ಮಾದೇಶ ಚೆನ್ನಾಗಿಯೇ ಮಾತಾಡಿದ. ಕೊನೆಗೆ ಸ್ವಲ್ಪ ಭಾವುಕನಾಗಿ, ತಾನು ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಒಂದು ಮಾತು ಹೇಳಿದ.

“ನಮ್ಮ ಉಪಚಾರದಲ್ಲಿ ನಂಗೆ ತುಂಬ ಇಷ್ಟವಾದದ್ದು ಒಂದದೆ. ಅದು ಯಾರಿಗೂ ನೀವು ಗೀವು ಅನ್ನಲ್ಲ. ಎಲ್ಲರನ್ನೂ ನೀನು ಅಂತದೆ. ಅಮ್ಮ ಕರಿಯಲ್ವಾ, ಹಂಗೆ. ದೇವ್ರನ್ನೂ ನಾವು ನೀನು ಅಂತೀವಲ್ಲ, ಹಂಗೆ.”

ಕೆಲವರು ನಕ್ಕರು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರೇನೋ. ಸಭೆ ನಡೆಸುತ್ತಿದ್ದ ಉಡುಪಿಯ ತರುಣಿ ಮೈಕು ಎತ್ತಿಕೊಂಡು, “ಇಲ್ಲ ಸರ್, ನನಗೆ ಯಾವಾಗಲೂ ‘ನೀವು’ ಅಂತಲೇ ಬರುವುದು. ನಮ್ಮ ಅಪ್ಪನಿಗೆ ‘ತಾವು’ ಅಂತ ಬರ್ತದೆ,” ಎಂದಳು.

ಮಾದೇಶ ಜೇಬಿನಿಂದ ಫೋನು ತೆಗೆದು ತನ್ನ ಪುಟವನ್ನು ಹಿಂದಿನ ಪರದೆಯ ಮೇಲೆ ತೋರಿಸಿದ. ‘ಬಾ ಮಾದೇಶ, ಕೂತು ಓದು’ ಎಂದಿತ್ತು. ಯಾರೋ ತಮ್ಮ ಪುಟ ತೋರಿಸಿದರು. ‘ಬನ್ನಿ, ತಾವು ಓದುವುದನ್ನೇ ಕಾಯುತ್ತಿದ್ದೆ’ ಎಂದಿತ್ತು. ಆ ಮನುಷ್ಯನಿಗೆ ಇನ್ನೂ ಇಪ್ಪತ್ತೈದು ದಾಟಿರಲಿಲ್ಲ.

“ನೀನು ಅಂತ ಬರೋರು ಒಂದ್ಸಲ ಕೈಯೆತ್ತಿ,” ಎಂದ ಮಾದೇಶ.

ತುಂಬಿದ ಸಭಾಂಗಣದಲ್ಲಿ ಅಲ್ಲೊಂದು ಇಲ್ಲೊಂದು ಕೈ ಮೇಲೆದ್ದವು. ಎತ್ತಿದವರು ಒಬ್ಬರನ್ನೊಬ್ಬರು ನೋಡಿಕೊಂಡರು. ತಾವು ಯಾವ ಯಾವ ಕೇರಿಗಳಿಂದ ಬಂದವರೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದೊಂದಾಗಿ ಕೈಗಳು ಕೆಳಗಿಳಿದವು. ಪ್ರಣೀತಾ ಅವರಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಇಲ್ಲಿಯವರೆಗೆ ಮಾದೇಶನನ್ನು ‘ಅವನು’ ಎಂದದ್ದು ಸಾಕು, ಇನ್ನು ‘ಅವರು’ ಎನ್ನೋಣ. ಇಷ್ಟು ವರ್ಷ ಅವರಿಗೆ ಇದು ಗೊತ್ತಾಗದೆ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ. ಪ್ರಯೋಗಾಲಯದಲ್ಲಿ ಪುಟಗಳನ್ನು ಪರೀಕ್ಷಿಸುವಾಗ ಇಬ್ಬರೂ ‘ಮಾದರಿ ಓದುಗ’ ಎಂಬ, ಹೆಸರು ಊರು ಒಂದೂ ಇಲ್ಲದ ಒಬ್ಬ ಕಾಲ್ಪನಿಕ ವ್ಯಕ್ತಿಯಾಗಿ ಒಳಗೆ ಹೋಗುತ್ತಿದ್ದರು. ಆ ಓದುಗನಿಗೆ ‘ನೀವು’ ಎಂದು ಬಂದರೂ ಅದು ಪರೀಕ್ಷೆಯ ಮಾತು ಎಂದು ಮಾದೇಶ ಬಿಟ್ಟುಬಿಟ್ಟಿದ್ದರು. ಮನೆಯಲ್ಲಿ ತಮ್ಮ ಹೆಸರಿನಿಂದ ಓದುವಾಗ ಕಂಡ ‘ನೀನು’ ಅವರಿಗೆ ಸಲಿಗೆಯಾಗಿ ಕಂಡಿತ್ತು. ಕನ್ನಡದಲ್ಲಿ ಸಲಿಗೆಗೂ ಸಸಾರಕ್ಕೂ ಇರುವುದು ಒಂದೇ ಮಾತು. ಅವರು ಒಳ್ಳೆಯ ಅರ್ಥವನ್ನೇ ಆರಿಸಿಕೊಂಡಿದ್ದರು.

ಮೈಸೂರಿಗೆ ಮರಳಿದ ಮೇಲೆ ಪ್ರಣೀತಾ ಉಪಚಾರವನ್ನೇ ಕೇಳಿದರು. ತಾನು ಮಾಡಿದ್ದಕ್ಕೆ ಕಾರಣ ಹೇಳುವಂತೆ ಅದನ್ನು ಅವರೇ ರೂಪಿಸಿದ್ದರು. ಅದಕ್ಕೆ ಮುಚ್ಚುಮರೆ ಇರಲಿಲ್ಲ. ಯಾರನ್ನು ಹೇಗೆ ಕರೆಯಬೇಕೆಂದು ಅದು ಹಳೆಯ ಬ್ಲಾಗುಗಳ ಕೆಳಗೆ ಜನ ಬರೆದಿದ್ದ ಟಿಪ್ಪಣಿಗಳಿಂದ ಕಲಿತಿತ್ತು. ಯಾವ ಹೆಸರಿನವರಿಗೆ, ಯಾವ ಊರಿನ ಯಾವ ಬೀದಿಯವರಿಗೆ, ಎಂಥ ಕನ್ನಡ ಬರೆಯುವವರಿಗೆ ಉಳಿದವರು ‘ನೀವು’ ಎಂದರು, ಯಾರಿಗೆ ‘ನೀನು’ ಎಂದರು ಎಂಬುದನ್ನೆಲ್ಲ ಎಣಿಸಿ ಮನನ ಮಾಡಿಕೊಂಡಿತ್ತು. ಆ ಟಿಪ್ಪಣಿಗಳು ಹೆಚ್ಚಿನಂಶ ಎರಡು ಸಾವಿರದ ಇಪ್ಪತ್ತರ ದಶಕದವು. ಅಂದರೆ ಇವತ್ತು ಬೆಳಗ್ಗೆ ಕಾಫಿ ಕುಡಿಯುತ್ತ ನಾವು ಯಾರಿಗೋ ಬರೆದ ಉತ್ತರವೂ ಅದರಲ್ಲಿ ಸೇರಿರುತ್ತದೆ.

“ಎಲ್ಲಕ್ಕಿಂತ ಹೆಚ್ಚು ತೂಕ ಯಾವುದಕ್ಕೆ ಕೊಟ್ಟೆ?” ಎಂದು ಕೇಳಿದರು ಪ್ರಣೀತಾ.

“ತಯಾರಕರ ಸಂಭಾಷಣೆಗೆ,” ಎಂದಿತು ಉಪಚಾರ. ಬಳಕೆದಾರರಿಗೆ ನೆರವಾಗುವ ವೇದಿಕೆಯಲ್ಲಿ ಇಬ್ಬರೂ ಇಪ್ಪತ್ತು ವರ್ಷ ಒಬ್ಬರಿಗೊಬ್ಬರು ಬರೆದದ್ದನ್ನು ಅದು ಪರದೆಯ ಮೇಲೆ ತಂದಿಟ್ಟಿತು. ‘ಮಾದೇಶ, ಇದನ್ನ ನೀನು ನೋಡು.’ ‘ನೋಡ್ತೀನಿ ಮೇಡಂ.’ ‘ನಿನಗೆ ಎಷ್ಟು ಸಲ ಹೇಳೋದು?’ ‘ನೀವು ಹೇಳಿದಂಗೇ ಮಾಡಿದೀನಿ ಮೇಡಂ.’ ಸಮವಯಸ್ಕರು, ಒಂದೇ ಕೆಲಸದವರು ಹೀಗೆ ಮಾತಾಡಿದರೆ ಅದೇ ಸರಿಯಾದ ರೀತಿ ಇರಬೇಕೆಂದು ಯಂತ್ರ ತಿಳಿದಿತ್ತು.

ಮಾದೇಶ ಪಕ್ಕದಲ್ಲಿ ನಿಂತು ಎಲ್ಲವನ್ನೂ ಓದಿದರು. ಸಿಟ್ಟೇನೂ ಮಾಡಲಿಲ್ಲ.

“ನನ್ನ ಹೆಸರು ತೆಗೆದುಬುಡಿ ಮೇಡಂ,” ಎಂದರು. “ಅದರ ಪಕ್ಕದಲ್ಲಿ ನನ್ನ ಹೆಸರಿದ್ರೆ, ನಾನೇ ಒಪ್ಪಿ ಮಾಡ್ದಂಗಾಯ್ತದೆ.”

“ಅವಸರ ಮಾಡಬೇಡ. ಸರಿ ಮಾಡ್ತೀನಿ, ನೋಡಿ ಆಮೇಲೆ ಹೇಳು.”

“ಆಗ್ಲಿ. ನೋಡಿ ಹೇಳ್ತೀನಿ.”

ಅಂದಿನಿಂದ ಮಾದೇಶ ಪ್ರಯೋಗಾಲಯಕ್ಕೆ ಬರುವುದನ್ನು ಬಿಟ್ಟರು. ಅವರಿಲ್ಲದೆ ಥೀಮುಗಳು ಮುರಿಯತೊಡಗಿದವು. ಅದಕ್ಕಿಂತ ಹೆಚ್ಚಾಗಿ, ಎದುರು ಮೇಜು ಖಾಲಿಯಿದ್ದುದು ಪ್ರಣೀತಾ ಅವರನ್ನು ಕಾಡಿತು. ತಿದ್ದುಪಡಿ ಮಾತ್ರ ಅಂಥ ಕಷ್ಟದ್ದಾಗಿರಲಿಲ್ಲ, ಒಂದು ಮಧ್ಯಾಹ್ನದ ಕೆಲಸ. ಹೆಸರು, ಊರು, ಕೇರಿ ಯಾವುದನ್ನೂ ನೋಡದೆ ಎಲ್ಲರನ್ನೂ ‘ನೀವು’ ಎನ್ನು, ಅಷ್ಟೆ.

ಹೊಸ ಆವೃತ್ತಿ ಹೊರಬಿದ್ದ ವಾರದಲ್ಲೇ ದೂರುಗಳು ಬಂದವು. ‘ನೀವು’ ಹೆಚ್ಚಾಯಿತೆಂದು ಯಾರೂ ಬರೆದಿರಲಿಲ್ಲ. ‘ತಾವು’ ಹೋದದ್ದೇ ದೂರು. ಉಪಚಾರಕ್ಕೆ ಮರ್ಯಾದೆ ಮರೆತುಹೋಗಿದೆ, ಮೊದಲಿನ ಸಂಸ್ಕಾರ ಉಳಿದಿಲ್ಲ ಎಂದು ಕೆಲವರು ಬೇಸರಪಟ್ಟರು. ಹಳೆಯ ಆವೃತ್ತಿಯನ್ನೇ ಉಳಿಸಿಕೊಡುವ ಬೇರೊಂದು ಪ್ಲಗಿನ್ನನ್ನು ಯಾರೋ ಮಾಡಿದರು. ಅದೂ ಚೆನ್ನಾಗಿ ಓಡಿತು.

ಮಾದೇಶ ಅವರಿಗೆ ಪ್ರಣೀತಾ ಹೇಳಿಕಳಿಸಿದರು. ಅವರು ಮಧ್ಯಾಹ್ನ ಊಟ ಮುಗಿಸಿ ಬಂದರು. ತಮ್ಮದೇ ಹೆಸರಿನಿಂದ, ತಮ್ಮದೇ ಫೋನಿನಲ್ಲಿ ತಾರಸಿ ತೋಟದ ಬ್ಲಾಗನ್ನು ತೆರೆದರು. ‘ಬನ್ನಿ ಮಾದೇಶ ಅವರೇ. ನೀವು ಕಳೆದ ಸಲ ಅರ್ಧಕ್ಕೆ ಬಿಟ್ಟದ್ದು ಇಲ್ಲಿದೆ’ ಎಂದಿತ್ತು. ಅವರು ಅದೊಂದು ಸಾಲನ್ನೇ ಎಷ್ಟೋ ಹೊತ್ತು ನೋಡುತ್ತ ಕುಳಿತರು.

“ಹೇಗಿದೆ?” ಎಂದರು ಪ್ರಣೀತಾ.

“ಚೆನ್ನಾಗದೆ,” ಎಂದರು ಮಾದೇಶ. “ಆದ್ರೆ ಯಾರೋ ಬೇರೆಯೋರ್ಗೆ ಬರೆದಂಗದೆ.”

“ಬೇರೆಯವರಿಗಲ್ಲ ಕಣೋ, ನಿನಗೇ ಬರೆದಿರೋದು!”

ಮಾತು ಬಾಯಿಂದ ಬಿದ್ದ ಮೇಲೆ ಪ್ರಣೀತಾ ಅವರ ಕಿವಿಗೆ ಅದು ಕೇಳಿಸಿತು. ತಿದ್ದಿಕೊಳ್ಳಲು ಹೋದರು. ‘ನಿಮಗೆ’ ಎಂಬ ಸುಲಭದ ಮಾತು ಆ ಒಬ್ಬ ಮನುಷ್ಯನ ಎದುರಿಗೆ ನಾಲಿಗೆಯ ಮೇಲೆ ಬರಲೊಲ್ಲದು. ಆ ಮಾತು ಬಂದೀತೆಂದು ಮಾದೇಶ ಕಾದರು. ಆಮೇಲೆ ಫೋನು ಜೇಬಿಗಿಟ್ಟು, ಕುರ್ಚಿಯನ್ನು ತಮ್ಮ ಹಳೆಯ ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

“ಇರ್ಲಿ ಪ್ರಣೀತಾ,” ಎಂದರು. “ನನ್ನ ಹೆಸರು ಅಲ್ಲೇ ಇರ್ಲಿ. ಇನ್ನೂ ಕೆಲ್ಸ ಅದೆ.”

ಇಪ್ಪತ್ತು ವರ್ಷದಲ್ಲಿ ಅವರ ಬಾಯಲ್ಲಿ ತಮ್ಮ ಬರಿಯ ಹೆಸರನ್ನು ಪ್ರಣೀತಾ ಕೇಳಿದ್ದು ಅದೇ ಮೊದಲು. ಅದು ಒರಟಾಗಿ ಕೇಳಿಸಿತು. ಹಾಗೆ ಕೇಳಿಸಿತಲ್ಲ ಎಂದು ಅವರಿಗೆ ನಾಚಿಕೆಯಾಯಿತು.