ಕೆರೆಯಂಚಿನ ಇಬ್ಬರು

“ಎಷ್ಟು ಬೇಕಾದ್ರೂ ಪ್ರಿಂಟ್ ಹಾಕ್ಕೊಳ್ಳಮ್ಮ. ಆದ್ರೆ ಹೊಟ್ಟೆಕಿಚ್ಚಿಟ್ಕೊಂಡು ಈ ಪ್ರಿಂಟ್ ಯಂತ್ರದ ದೀಪಕ್ಕೆ ಕೈ ಅಡ್ಡ ಹಿಡೀಬೇಡ. ಮಾಟ ಮಾಡಿಸಿರೋ ಯಂತ್ರ ಇದು. ಬೆಳಕು ತಪ್ಪಿದೋರು ಉಳಿಯಲ್ಲ,” ಎಂದ ಸ್ಟುಡಿಯೋದ ಮುದುಕ.

“ಹಾಗಿದ್ರೆ ನಮ್ಮ ನೆಂಟರಲ್ಲಿ ಒಬ್ರೂ ಉಳೀತಿರ್ಲಿಲ್ಲ ತಾತ!” ಆ ಸ್ಟುಡಿಯೋಗೆ ಮೊದಲ ಸಲ ಬಂದಿದ್ದ ತಂಗಿ ನಕ್ಕು ಡಾರ್ಕ್‌ರೂಮಿನ ಬಾಗಿಲು ಹಾಕಿಕೊಂಡಳು.

ಒಳಗೆ ಮೂಗು ಚುಚ್ಚುವ ಹುಳಿ ವಾಸನೆ. ಕತ್ತಲಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಕೆಂಪು ಬಲ್ಬಿನಡಿ ಅವಳ ಬೆರಳುಗಳು ಇನ್ಯಾರದೋ ಅನ್ನಿಸುತ್ತಿದ್ದವು.

ನೆಗೆಟಿವ್ ಅವಳದೇ. ಮಂಜು ಕವಿದ ಕೆರೆ, ದಡದಲ್ಲಿ ಎಡಕ್ಕೆ ವಾಲಿದ ಒಂದು ಬೋಳು ಮರ. ಮರದ ಎಡಕ್ಕೆ ಅಕ್ಕ, ಬಲಕ್ಕೆ ತಾನು, ಇಬ್ಬರೂ ಕೊಡೆ ಹಿಡಿದು ಬೆನ್ನು ತಿರುಗಿಸಿ ನಿಂತವರು. ಕ್ಯಾಮೆರಾ ನಿಲ್ಲಿಸಿ, ಟೈಮರ್ ಒತ್ತಿ ಓಡಿದವಳು ತಂಗಿ. ಆದರೆ ಸಣ್ಣ ಪ್ರಿಂಟ್ ನೋಡಿದವರೆಲ್ಲ ಹೊಗಳಿದ್ದು ಹೆಸರಾಂತ ಫೋಟೋಗ್ರಾಫರ್ ಆದ ಅಕ್ಕನನ್ನು. ಅಕ್ಕ ಇಲ್ಲವೆನ್ನದೆ ನಕ್ಕಿದ್ದಳು. ಆ ನಗು ಇವಳ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು. ನಾಳಿನ ಪ್ರದರ್ಶನದಲ್ಲಿ ಚಿತ್ರ ಇರಬೇಕು, ಅಕ್ಕ ಇರಬಾರದು.

ಯಂತ್ರಕ್ಕೆ ಫಿಲಂ ಸಿಕ್ಕಿಸುವಾಗ ಹೊಳೆಯುವ ಮಗ್ಗುಲು ಮೇಲಿರಬೇಕು. ಕೋಪದಲ್ಲಿ ಅವಳು ಅದನ್ನು ನೋಡಲೇ ಇಲ್ಲ.

ದೀಪ ಹೊತ್ತಿತು. ಕಾಗದದ ಮೇಲೆ ಎರಡು ಬಿಳಿ ಆಕಾರಗಳು. ಬೆಳಕು ಬೀಳದ ಕಡೆ ಕಾಗದ ಬೆಳ್ಳಗೇ ಉಳಿಯುತ್ತದೆ. ಅಕ್ಕ ಮಂಜಿನಲ್ಲಿ ಕರಗಿಹೋಗುತ್ತಾಳೆ, ಅಷ್ಟೇ. ಮಾಟವೂ ಇಲ್ಲ, ಮಣ್ಣೂ ಇಲ್ಲ. ಎಡಗಡೆಯವಳ ಮೇಲೆ ಅಂಗೈ ಅಡ್ಡ ಹಿಡಿದಳು.

“ನೀನು ಇರ್ಲೇಬೇಡ ಕಣೇ.”

ಅಂಗೈ ಹಿಮದಂತೆ ತಣ್ಣಗಾಯಿತು. ಆದರೂ ತೆಗೆಯಲಿಲ್ಲ.

ತಟ್ಟೆಯ ರಸಾಯನದಲ್ಲಿ ಚಿತ್ರ ಮೆಲ್ಲಗೆ ಮೂಡಿತು. ಕೆರೆ. ಮರ. ಒಂದೇ ಕೊಡೆ. ನಕ್ಕಳು. ಬಗ್ಗಿದಳು. ಬೆನ್ನ ಮೇಲೆ ಉದ್ದ ಜಡೆ. ಜಡೆ ಅಕ್ಕನದು! ನಿಂತಿದ್ದುದು ಬಲಗಡೆ. ಮರ ವಾಲಿದ್ದೂ ಆ ಕಡೆಗೇ. ಫಿಲಂ ತಿರುಗುಮುರುಗಾಗಿ ಎಡಬಲ ಅದಲುಬದಲಾಗಿತ್ತು. ಅಳಿಸಿದ್ದು ತನ್ನನ್ನೇ.

ತಟ್ಟೆಗೆ ಕೈ ಹಾಕಿದಳು. ಕೈ ಇರಲಿಲ್ಲ. ಕಿರುಚಿದಳು. ನಲ್ಲಿ ತೊಟ್ಟಿಕ್ಕಿತು.

ಬಾಗಿಲು ತೆರೆಯಿತು. ಮುದುಕನ ಹಿಂದೆ ಅಕ್ಕ. ಕೈಯಲ್ಲಿ ಚಿತ್ರದಡಿ ಅಂಟಿಸುವ ಹೆಸರಿನ ಚೀಟಿ.

“ಅವತ್ತು ಸುಮ್ನಿದ್ದು ತಪ್ಪು ಮಾಡ್ದೆ ಅಂತ ಬೆಳಿಗ್ಗೆ ಯಾರದೋ ಹೆಸರು ಬರೆಸ್ದೆ ತಾತ. ಈಗ ನೋಡಿದ್ರೆ ಖಾಲಿ. ಯಾರದು ಅಂತಾನೇ ನೆನಪಾಗ್ತಿಲ್ಲ.”

ಮುದುಕ ಒದ್ದೆ ಪ್ರಿಂಟ್ ಎತ್ತಿ ಹಿಡಿದ. “ಇದ್ರಲ್ಲಿರೋದು ನೀವೊಬ್ರೇ. ನೀವೇ ತೆಗ್ದಿದ್ದಲ್ವಾಮ್ಮ?”

ಅಕ್ಕ ತುಂಬ ಹೊತ್ತು ನೋಡಿದಳು. ಅವಳ ಕಿವಿಯ ಹತ್ತಿರವೇ ತಂಗಿ ಕೂಗುತ್ತಿದ್ದಳು.

“ಇರ್ಬೇಕು,” ಎಂದು ಅಕ್ಕ ಚೀಟಿಯ ಮೇಲೆ ತನ್ನ ಹೆಸರು ಬರೆದಳು.