ಮಡಿಕೆ ಬಿಚ್ಚದ ಸೀರೆ

"ಎಲ್ಲಾ ನೀವು ಹೇಳಿದಂಗ ಮಾಡಿದ್ನ್ರಿ. ಥಂಡೀನ ಭಾಳ ಬಿತ್ತು," ಎಂದೆ.

ಕಲ್ಯಾಣಿ ಮಾಳಿಗೆಯ ಮೇಲಿನ ವೀಳ್ಯದೆಲೆ ಬಳ್ಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತಿದ್ದವು. ತೀರಿಹೋದ ಅವಳ ತಾಯಿ ಪಾರ್ವತೆಮ್ಮ ಚೀಕಲಪರ್ವಿ ಊರಿಂದ ತಂದು ನೆಟ್ಟ ಬಳ್ಳಿ ಅದು.

ನಾನು ಪಕ್ಕದ ಮನೆಯವನು. ಎಂಎ ಮುಗಿಸಿ, ಮಾಸ್ತರಿಕೆಯ ಪರೀಕ್ಷೆಗಳಿಗೆ ಓದುತ್ತ ಕೂತವನು. ರಾಯಚೂರಿಗೆ ಎಂದೂ ಇಲ್ಲದ ಚಳಿ ಇಳಿದ ಆ ವಾರವೇ ಅವಳು ಅಂಗನವಾಡಿ ಟ್ರೇನಿಂಗಿಗೆ ದೇವದುರ್ಗಕ್ಕೆ ಹೊರಟಳು. ಹೋಗುವಾಗ ನನ್ನ ಕೈಗೊಂದು ಚೀಲ ಕೊಟ್ಟಳು. ಒಳಗೆ ತಾಯಿಯ ನೂಲಿನ ಸೀರೆಗಳು.

"ಸಂಜಿಗೆ ಬಳ್ಳಿಗೆ ಹೊದಸ್ರಿ. ಮುಂಜಾನಿ ಬಿಸಲು ಬಿದ್ದ ಕೂಡ್ಲೆ ತಗೀರಿ."

"ಸೀರಿನಾ?"

"ಯಾಕ ಮಾಸ್ತರ, ನಾಚಿಕಿ ಬರತದೇನು?"

ಕಣ್ಣಂಚಿನಲ್ಲಿ ನಕ್ಕಳು. ಆ ದಿನವೆಲ್ಲ ಆ ನಗುವನ್ನೇ ಹೊತ್ತು ತಿರುಗಿದೆ.

ಸಂಜೆ ಅವಳ ಮಾಳಿಗೆಗೆ ಬಂದರೆ ಎದುರಿನ ಮಾಳಿಗೆಯಲ್ಲಿ ಬಸವಂತಮ್ಮ. ನಾನು ಸೀರೆ ಕೊಡವುವುದನ್ನು ಅವಳು ನೋಡಿದರೆ ಓಣಿಗೆಲ್ಲ ಸುದ್ದಿ. ಚೀಲ ಮೂಲೆಗಿಟ್ಟೆ. ಮನೆಯ ಪ್ಲಾಸ್ಟಿಕ್ ತಾಡಪತ್ರಿ ತಂದು ಬಳ್ಳಿಗೆ ಬಿಗಿಯಾಗಿ ಸುತ್ತಿದೆ. ಮರುದಿನ ಓದುತ್ತ ಮರೆತೇಬಿಟ್ಟೆ. ಮಧ್ಯಾಹ್ನ ಓಡಿಬಂದು ಬಿಚ್ಚಿದಾಗ ಒಳಗಿಂದ ಬಿಸಿ ಹಬೆ ಬಂತು.

ಈಗ, ಮರಳಿ ಬಂದ ಕಲ್ಯಾಣಿ ಮೂಲೆಯ ಚೀಲದಿಂದ ಒಂದು ಸೀರೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮಡಿಕೆಯನ್ನು ತುಸುವೇ ಎತ್ತಿದಳು.

"ನುಸಿ ಹತ್ತಬಾರದಂತ ಬೇವಿನ ಎಲಿ ಇಟ್ಟಿದ್ದೆ. ಇಟ್ಟಲ್ಲೇ ಅದಾವ."

ನನ್ನ ಕಿವಿ ಕಾದವು. ಬೈದಿದ್ದರೆ ಹಗುರಾಗುತ್ತಿತ್ತು; ಅವಳು ಮಡಿಕೆಯನ್ನು ಮತ್ತೆ ಮುಚ್ಚಿದಳು.

"ಬಸವಂತಮ್ಮ ನೋಡ್ತಾಳಂತ ತಾಡಪತ್ರಿ ಸುತ್ತಿದೆ. ತಗಿಯೋದು ಮರೆತೆ. ಈಗ ಸುಳ್ಳೂ ಹೇಳಿದೆ."

"ಅವ್ವನ ಸೀರಿ ಯಾರಿಗೂ ಮುಟ್ಟಗೊಟ್ಟಿಲ್ಲ ನಾ," ಎಂದಳು ಮೆಲ್ಲಗೆ. "ನಿಮಗ ಕೊಟ್ಟೆ."

ತಲೆ ಎತ್ತಲಾಗಲಿಲ್ಲ. ಅವಳು ಬಳ್ಳಿಯ ಬುಡವನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು. ಒಂದು ಗೇಣಿನಷ್ಟು ಹಸಿರು ಉಳಿದಿತ್ತು.

ಹೊತ್ತು ಮುಳುಗುತ್ತಿತ್ತು. ಕೇಳದೆಯೇ ಅವಳ ತೊಡೆಯ ಮೇಲಿನ ಸೀರೆ ಎತ್ತಿಕೊಂಡು ಕೊಡವಿದೆ. ಬೇವಿನ ಎಲೆಗಳು ಉದುರಿದವು.

"ಏನಲೇ ಹುಲಿಗೇಶಾ, ಬಳ್ಳಿಗೆ ಸೀರಿ ಉಡಸಾಕತ್ತೀಯೇನು?" ಬಸವಂತಮ್ಮ ಎದುರಿನಿಂದ ಕೂಗಿದಳು.

"ಹೌದು ಯವ್ವಾ! ಕಲ್ಯಾಣಿಯವರ ಅವ್ವನ ಸೀರಿ!" ನನ್ನ ದನಿ ಅವಳದಕ್ಕಿಂತ ಜೋರಾಗಿತ್ತು.

ಕಲ್ಯಾಣಿ ಎದ್ದು ಸೀರೆಯ ಇನ್ನೊಂದು ತುದಿ ಹಿಡಿದಳು. ಬೆರಳು ತಾಗಿದವು. ಇಬ್ಬರೂ ಸರಿಸಲಿಲ್ಲ.

"ಥಂಡಿ ಮುಗಿಯೋತನಕ ಸಂಜಿ ಮುಂಜಾನಿ ನಾನೇ ಬರ್ತೀನ್ರಿ," ಎಂದೆ.

ಅವಳು ಸೀರೆಯಂಚನ್ನು ಬಳ್ಳಿ ಹಬ್ಬಿದ ಕೋಲಿಗೆ ಸಿಕ್ಕಿಸುತ್ತ, ನನ್ನ ಕಡೆ ನೋಡದೆ ಕೇಳಿದಳು:

"ಥಂಡಿ ಇದೊಂದ ವರ್ಷ ಬರತದೇನ್ರಿ?"